ಬಾಲದಿಂದ ಹಿಡಿದ ಪದಗಳು

ನಾನಿದ್ದ ಶಾಲೆಗೆ ಈ ವರ್ಷ ಹೊಸ ಟೀಚರೊಬ್ಬಳು ಬಂದಿದ್ದಾಳೆ, ದಿವ್ಯ ಅಂತ. ಮೊನ್ನೆ ಮಂಡ್ಯದ ಗುತ್ತಲಿನ ನಮ್ಮ ಮನೆ ಹುಡುಕಿಕೊಂಡು ಬಂದಳು. "ಇಂಗ್ಲಿಷು ನನ್ ತಲೆಗೆ ಕಟ್ಟವ್ರೆ ಮೇಡಂ. ಉದ್ದುದ್ದ ಪದ ಬಂತು ಅಂದ್ರೆ ಮಕ್ಳು ಕಣ್ಕಣ್ ಬುಡ್ತವೆ. ನೀವು ಎಂಗ್ ಮಾಡ್ತಿದ್ರಿ?" ಅಂದಳು. ಒಂದು ಲೋಟ ಕಾಫಿಯಲ್ಲಿ ಮುಗಿಯುವ ಮಾತಲ್ಲ, ಬರೆದು ಕೊಡುತ್ತೇನೆ ಅಂದೆ. ಅದಕ್ಕೇ ಇದು. ದಿವ್ಯಳ ಹಾಗೆ ಹೊಸದಾಗಿ ಕೆಲಸಕ್ಕೆ ಸೇರಿದ ಬೇರೆಯವರಿಗೂ ಆದೀತು.

ನಾನೇನು ಇಂಗ್ಲಿಷ್ ಓದಿಕೊಂಡವಳಲ್ಲ. ಕನ್ನಡ ಮಾಧ್ಯಮ, ಪಿಯುಸಿ, ಆಮೇಲೆ ಟಿಸಿಎಚ್ ಅನ್ನುವ ಟೀಚರ್ ತರಬೇತಿ. ಹಲಗೂರಿನ ಆಚೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಸೇರಿದಾಗ ಇಂಗ್ಲಿಷ್ ಪಾಠ ಯಾರಿಗೂ ಬೇಡವಾಗಿತ್ತು. ಹೊಸಬಳ ತಲೆಗೆ ಬಂತು, ನಿವೃತ್ತಿಯವರೆಗೂ ತಲೆಯ ಮೇಲೇ ಇತ್ತು.

ಅದೇ ಶಾಲೆಯಲ್ಲಿ ನಮ್ಮ ಯಜಮಾನರು ಚಿಕ್ಕಲಿಂಗಯ್ಯನವರು ಪಿಟಿ ಮೇಷ್ಟ್ರು. ಹೋದ ವರ್ಷ ತೀರಿಕೊಂಡರು. ಅದಕ್ಕೂ ಮುಂಚೆ ಅವರಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಆಗ ಅವರಿಗೆ ಬೇಕಾಗಿದ್ದದ್ದು ಒಂದೇ. ಮಂಡ್ಯದಲ್ಲಿ ಬಸ್ಸು ಹತ್ತಿ ಮಳವಳ್ಳಿಗೆ ಒಬ್ಬರೇ ಹೋಗಬೇಕು, ಕಂಡಕ್ಟರು ಕೇಳಿದಾಗ ಊರಿನ ಹೆಸರನ್ನು ತಮ್ಮ ಬಾಯಿಂದಲೇ ಹೇಳಬೇಕು. ನಾನು ಕಲಿಸಿದ ಕೊನೆಯ ಪಾಠ ಅದು. ಅಲ್ಲಿ ಕೆಲಸಕ್ಕೆ ಬಂದದ್ದೆಲ್ಲ ಶಾಲೆಯಲ್ಲಿ ಎಡವಿ ಎಡವಿ ಕಲಿತದ್ದೇ ಆದ್ದರಿಂದ ಶಾಲೆಯಿಂದಲೇ ಶುರು ಮಾಡುತ್ತೇನೆ.

ಮೊದಲ ವರ್ಷ ಏಳನೇ ತರಗತಿಯ ಪಾಠದಲ್ಲಿ 'ರೆಸ್ಪಾನ್ಸಿಬಿಲಿಟಿ' ಅನ್ನುವ ಪದ ಬಂತು. ನಾನು ಹೇಳಿದೆ, ಮಕ್ಕಳು ಹೇಳಿದರು. ನನ್ನ ಕಿವಿಗೆ ಬಂದದ್ದು 'ರೆಸ್ಪಾಲಿಟಿ'. ಇನ್ನೊಂದು ಸಲ ಹೇಳಿಸಿದೆ. ಪದದ ಹೊಟ್ಟೆಯ ಭಾಗವನ್ನು ಮತ್ತೆ ನುಂಗಿಕೊಂಡು ಬಂದರು. ಮುಂದಿನ ಸಾಲಿನ ಚಂದ್ರಿ ಎದ್ದು ನಿಂತು, "ಇದು ಮುಗಿಯೋದ್ರೊಳ್ಗೆ ನಮ್ ಉಸ್ರೇ ಮುಗ್ದೋಯ್ತದೆ ಮಿಸ್" ಅಂದಳು.

ಮಾರನೆಯ ದಿನ ಬೋರ್ಡಿನ ಮೇಲೆ ಒಂದು ಕಬ್ಬಿನ ಜಲ್ಲೆ ಬರೆದೆ. ಜಲ್ಲೆಗೆ ಗೆಣ್ಣುಗಳಿರುವ ಹಾಗೆ ಪದಕ್ಕೂ ಇರುತ್ತವೆ, ಒಂದೊಂದು ಗೆಣ್ಣಿಗೆ ಒಂದೊಂದು ತುಂಡು ಅಂತ ವಿವರಿಸಿ ರೆ, ಸ್ಪಾನ್, ಸಿ, ಬಿ, ಲಿ, ಟಿ ಎಂದು ತುಂಬಿಸಿದೆ. ಮಕ್ಕಳು ಪದ ನೋಡಲಿಲ್ಲ, ಕಬ್ಬು ನೋಡಿದರು.

"ಬುಡದಲ್ಲಿ ಗೆಣ್ಣು ಅತ್ರತ್ರ ಇರ್ತವೆ ಮಿಸ್. ನೀವು ಎಲ್ಲ ಒಂದೇ ಸಮ ಬರ್ದಿದ್ದೀರಿ."

"ಸೋಗೆನೇ ಬರ್ದಿಲ್ಲ."

"ಇದ್ಯಾವ್ ತಳಿ ಮಿಸ್?"

ಸೋಗೆ ಬರೆದು ಗೆಣ್ಣು ಸರಿಮಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ಮನೆಗೆ ಹೋಗುವಾಗ ಮಕ್ಕಳು ಆ ಪದವನ್ನು ಪೂರ್ತಿಯಾಗಿ ಕೂಗಿಕೊಂಡು ಓಡುತ್ತಿದ್ದದ್ದು ಕೇಳಿಸಿತು. ಆ ಖುಷಿಯಲ್ಲಿ ವರ್ಷವಿಡೀ ಬೋರ್ಡಿನ ಮೇಲೆ ಕಬ್ಬು ಕಡಿದೆ. ವಾರ್ಷಿಕ ಪರೀಕ್ಷೆಯಲ್ಲಿ ಅದರ ಫಲ ಬಂತು. ತರಗತಿಗೆ ತರಗತಿಯೇ ಇಂಗ್ಲಿಷ್ ಪದಗಳ ನಡುವೆ ಗೆಣ್ಣಿನ ಗೆರೆ ಎಳೆದು ಉತ್ತರ ಬರೆದಿತ್ತು. ಕೆಲವರು ಕೊನೆಯ ಅಕ್ಷರಕ್ಕೆ ಸೋಗೆಯನ್ನೂ ಬಿಟ್ಟಿದ್ದರು. ಹೆಡ್‌ಮೇಷ್ಟ್ರು ಆ ಹಾಳೆಗಳನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು.

"ಏನಮ್ಮ ಸುಶೀಲ, ಇಂಗ್ಲಿಷ್ ಕಡಿದು ಫ್ಯಾಕ್ಟರಿಗೆ ಸಾಗಿಸ್ತಿದ್ದೀಯಾ?"

ಕಡಿದ ಮೇಲೆ ಕೂಡಿಸುವುದನ್ನೂ ಹೇಳಿಕೊಡಬೇಕು. ದಿವ್ಯ, ಇದನ್ನು ನೀನು ಮೊದಲ ವಾರವೇ ಮಾಡು.

ಕೂಡಿಸುವುದಕ್ಕೆ ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮುಂದಿನಿಂದ ಕೂಡಿಸುತ್ತಾ ಹೋದರೆ ಮಕ್ಕಳು ಒಂದೊಂದು ಹೆಜ್ಜೆಯನ್ನೂ ಗೊತ್ತಿಲ್ಲದ ಜಾಗದ ಕಡೆಗೇ ಇಡಬೇಕು. ಹಾಗಾಗಿ ಬಾಲದ ಹತ್ತಿರ ಹೋಗುವಾಗ ಗಾಬರಿ. ಬಾಲದಿಂದ ಶುರು ಮಾಡಿದರೆ ಪ್ರತಿ ಸಲವೂ ಗೊತ್ತಿರುವ ಕಡೆಗೇ ಬಂದು ಮುಟ್ಟಬಹುದು. ಮುದ್ದೆ ತಿರುವುತ್ತಾ ಒಬ್ಬಳೇ ಹೇಳಿಕೊಳ್ಳುತ್ತಿದ್ದೆ: ಟಿ, ಲಿಟಿ, ಬಿಲಿಟಿ, ಸಿಬಿಲಿಟಿ. ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾರೆ.

"ಏನ್ ಟೀಚ್ರಮ್ಮ, ಗಾಡಿ ರಿವರ್ಸು ತಗೀತಿದ್ದೀಯಾ?"

"ಹಿಂದೆ ಗೋಡೆ ಇದೆಯಾ ನೋಡಿ ಹೇಳಿ" ಅಂದೆ.

"ಬುಡು ಬುಡು, ಇನ್ನೂ ಜಾಗ ಐತೆ, ಬರ್ಲಿ."

ಅವರು ಹೀಗೇ. ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯ ಮನೆಗಳಲ್ಲಿ ನಾಯಿಗಳು ಎದ್ದು ನಿಲ್ಲುತ್ತಿದ್ದವು. ನಾನು ದನಿ ಎತ್ತದವಳು. ಒಂದು ಮನೆಗೆ ಅಷ್ಟು ಸದ್ದು ಸಾಕು ಅಂತ ಅಂದುಕೊಂಡಿದ್ದೆ.

ಪದದ ಹಿಂದೆ ಮುಂದೆ ಅಂಟಿಸುವ ತುಂಡುಗಳ ಪಾಠ ಮಾಡುತ್ತಿದ್ದ ದಿನಗಳಲ್ಲಂತೂ ಮನೆಯಲ್ಲಿ ಅವರನ್ನು ಹಿಡಿಯುವಂತಿರಲಿಲ್ಲ. 'ಅನ್' ಸೇರಿಸಿದರೆ 'ಅಲ್ಲ, ಇಲ್ಲ' ಅಂತ ಅರ್ಥ ಬರುತ್ತದೆ ಎಂದು ಒಂದು ಸಲ ಅವರೆದುರು ಹೇಳಿದ್ದೇ ತಪ್ಪಾಯಿತು. "ಇವತ್ತಿನ ಸಾರು ಅನ್‌ಉಪ್ಪು" ಅನ್ನುವರು. ಸ್ನಾನದ ನೀರು ತಣ್ಣಗಿದ್ದರೆ ಅನ್‌ಬಿಸಿ. ನಮ್ಮತ್ತೆ ಬಂದಿದ್ದಾಗ ಅವರ ಬಾಯಿಗೂ ಹತ್ತಿಕೊಂಡು, ಬಾರದ ನೆಂಟರನ್ನು ಅನ್‌ನೆಂಟರು ಅಂತ ಕರೆಯತೊಡಗಿದರು.

ನಾನೂ ಇಂಥ ನಿಯಮಗಳನ್ನು ಬಹಳ ಬಿಗಿಯಾಗಿ ಕಟ್ಟಿಬಿಡುತ್ತಿದ್ದೆ. 'ಇನ್' ಮುಂದೆ ಬಂದರೂ ಇಲ್ಲ ಅಂತಲೇ ಅರ್ಥ ಎಂದು ಕಲಿಸಿದ್ದೆ. ಎಷ್ಟೋ ವರ್ಷ ಆದ ಮೇಲೆ ಚಂದ್ರಿ ಫೋನ್ ಮಾಡಿದಳು. ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು.

"ಮಿಸ್, ಇಲ್ಲೊಂದು ಡ್ರಮ್ಮಿನ ಮೇಲೆ 'ಇನ್‌ಫ್ಲೇಮಬಲ್' ಅಂತ ಬರ್ದವ್ರೆ. ನೀವು ಏಳ್ಕೊಟ್ಟಂಗೆ ಬುಡಿಸ್ದೆ. ಇನ್ ಅಂದ್ರೆ ಇಲ್ಲ, ಫ್ಲೇಮ್ ಅಂದ್ರೆ ಬೆಂಕಿ. ಬೆಂಕಿ ಅತ್ತಲ್ಲ ಅಂತ ತಾನೇ?"

ಫೋನು ಕೈಯಲ್ಲಿ ಹಿಡಿದುಕೊಂಡೇ ಡಿಕ್ಷನರಿ ತೆಗೆದು ನೋಡಿದರೆ ಬೇಗ ಬೆಂಕಿ ಹತ್ತಿಕೊಳ್ಳುವಂಥದ್ದು ಎಂದಿದೆ.

"ಚಂದ್ರಿ, ನೀನು ಅದರ ಹತ್ತಿರ ಇದ್ದೀಯೇನೇ?"

"ಅಯ್ಯೋ ಎದ್ರುಕೋಬ್ಯಾಡಿ ಮಿಸ್. ಪಕ್ಕದಲ್ಲೇ ಬೆಂಕಿ ಚಿತ್ರ ಬರ್ದು ಅಡ್ಡಗೆರೆ ಎಳ್ದವ್ರೆ, ಅತ್ರ ಬೆಂಕಿ ತರ್ಬ್ಯಾಡಿ ಅಂತ. ನಿಮ್ ಪಾಠಕ್ಕೂ ಚಿತ್ರಕ್ಕೂ ಜಗಳ ಬಂತಲ್ಲ ಅಂತ ಕೇಳ್ದೆ ಅಷ್ಟೆ."

ಆ ಪದವನ್ನು ಆಮೇಲೆ ಪ್ರತಿ ವರ್ಷ ಹೇಳಿಕೊಟ್ಟೆ. ಬೆಂಕಿಯ ಚಿತ್ರದ ಸಮೇತ.

ಇನ್ನು ಒತ್ತಿನ ವಿಷಯ. ನಮ್ಮ ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಹೆಜ್ಜೆ ಹಾಕುತ್ತವೆ. ಇಂಗ್ಲಿಷಿನ ಉದ್ದ ಪದಕ್ಕೆ ಒಂದು ಕಾಲು ಭಾರ, ಅಲ್ಲಿ ಜೋರಾಗಿ ಊರಬೇಕು, ಉಳಿದಲ್ಲಿ ಹಗುರಾಗಿ ಹೋಗಬೇಕು. ಇದನ್ನು ನನ್ನ ಮೆತ್ತನೆಯ ದನಿಯಲ್ಲಿ ಎಷ್ಟು ಸಲ ತೋರಿಸಿದರೂ ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಯಜಮಾನರು ಒಂದು ದಿನ ಬ್ಯಾಂಡ್ ಸೆಟ್ಟಿನ ಡೊಳ್ಳಿನಷ್ಟು ದೊಡ್ಡ ಡ್ರಮ್ಮನ್ನು ಹೊತ್ತುಕೊಂಡು ಬಂದು ನನ್ನ ತರಗತಿಯಲ್ಲಿ ಇಟ್ಟರು. "ನೀನು ಪದ ಏಳು. ಎಲ್ ಬಾರ್ಸ್ಬೇಕು ಅಂತ ಕಣ್ಸನ್ನೆ ಮಾಡು" ಅಂದರು.

'ಫೋಟೋಗ್ರಾಫ್' ಅಂದಾಗ ಮೊದಲ ತುಂಡಿಗೆ ಪೆಟ್ಟು. 'ಫೊಟಾಗ್ರಫಿ' ಅಂದಾಗ ಎರಡನೆಯದಕ್ಕೆ. 'ಫೋಟೋಗ್ರಾಫಿಕ್' ಅಂದಾಗ ಮೂರನೆಯದಕ್ಕೆ. ಬಾಲ ಉದ್ದವಾದ ಹಾಗೆ ಪೆಟ್ಟು ಬಾಲದ ಕಡೆಗೆ ಸರಿಯುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

ಅಂಥ ಒಂದು ದಿನವೇ ಮೇಲಧಿಕಾರಿಗಳು ಶಾಲೆ ನೋಡಲು ಬಂದರು. ಡ್ರಮ್ಮಿನ ಸದ್ದು ಕೇಳಿ, "ಆಟದ ಪೀರಿಯಡ್ಡಾ?" ಅಂದರು. ಹೆಡ್‌ಮೇಷ್ಟ್ರು ಬೆವರು ಒರೆಸಿಕೊಂಡು, "ಇಂಗ್ಲಿಷ್ ಸಾರ್" ಅಂದರು. ಅಧಿಕಾರಿಗಳು ಒಳಗೆ ಬಂದು ಮಕ್ಕಳನ್ನು ಉದ್ದೇಶಿಸಿ ಇಂಗ್ಲಿಷಿನಲ್ಲೇ ನಾಲ್ಕು ಮಾತಾಡತೊಡಗಿದರು. ಅವತ್ತು ಯಜಮಾನರ ಬದಲು ಡ್ರಮ್ಮಿನ ಮುಂದೆ ಕೂತಿದ್ದ ಹುಡುಗಿಯ ಕೈಗೆ ಅಭ್ಯಾಸ ಆಗಿಬಿಟ್ಟಿತ್ತು. ಅವರ ಬಾಯಲ್ಲಿ 'ಎಜುಕೇಷನ್' ಬಂದ ಕೂಡಲೇ ಧಂ ಅನ್ನಿಸಿದಳು. 'ಎಗ್ಜಾಮಿನೇಷನ್' ಅಂದರು, ಧಂ. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅಧಿಕಾರಿಗಳು ಡ್ರಮ್ಮಿನ ಕಡೆ ನೋಡಿ ಮತ್ತೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅವರೇ ಉದ್ದ ಪದ ಹೇಳಿ ಪೆಟ್ಟಿಗಾಗಿ ಕಾಯತೊಡಗಿದರು. ಬೇಕಿಲ್ಲದ ಕಡೆಯೂ ಒಂದೆರಡು ಉದ್ದ ಪದ ತಂದು ಹಾಕಿದರು ಅಂತ ನನಗೆ ಅನುಮಾನ. ಹೋಗುವಾಗ ಯಜಮಾನರ ಭುಜ ತಟ್ಟಿ, "ನಮ್ಮ ಆಫೀಸಿನ ಮೀಟಿಂಗಿಗೂ ಒಂದು ಇದ್ದಿದ್ರೆ ಚೆನ್ನಾಗಿತ್ತು ಮೇಷ್ಟ್ರೇ, ನಿದ್ದೆ ಬರ್ತಿರಲಿಲ್ಲ" ಅಂದರು.

ಮದ್ದೂರಿನಲ್ಲಿ ಒಂದು ತರಬೇತಿ ಆಯಿತು. ಬಾಲದಲ್ಲಿ 'ಷನ್' ಇದ್ದರೆ ಅದರ ಹಿಂದಿನ ತುಂಡಿಗೇ ಒತ್ತು, 'ಇಟಿ' ಇದ್ದರೂ ಅದರ ಹಿಂದಿನದಕ್ಕೇ ಒತ್ತು ಅಂತ ಅಲ್ಲಿ ಹೇಳಿಕೊಟ್ಟರು. ಇಷ್ಟು ಸರಳವಾದದ್ದನ್ನು ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ ಅನ್ನಿಸಿತು. ವಾಪಸ್ಸು ಬಂದವಳೇ ಮಕ್ಕಳನ್ನು ಪದಗಳನ್ನಾಗಿ ಮಾಡಿ ಅಂಗಳದಲ್ಲಿ ನಿಲ್ಲಿಸಿದೆ. ಒಬ್ಬೊಬ್ಬರು ಒಂದೊಂದು ತುಂಡು, ಒತ್ತು ಬಿದ್ದವರು ನೆಗೆಯಬೇಕು. 'ಇಲೆಕ್ಟ್ರಿಕ್' ಅನ್ನುವಾಗ 'ಲೆಕ್' ಆಗಿದ್ದ ಗೌರಿ ನೆಗೆದಳು. ಬಾಲ ಸೇರಿಸಿ 'ಇಲೆಕ್ಟ್ರಿಸಿಟಿ' ಮಾಡಿದಾಗ ನೆಗೆಯುವ ಸರದಿ ಪಕ್ಕದವಳಿಗೆ ಹೋಯಿತು. ಗೌರಿ ಬಿಡಲಿಲ್ಲ.

"ಈಗ್ತಾನೆ ನಂದಿತ್ತು ಮಿಸ್ ಒತ್ತು. ಇವ್ಳು ಕಿತ್ಕಂಡ್ಳು."

"ನಾನ್ಯಾಕೆ ಕಿತ್ಕಳ್ಳಿ? ಬಾಲದೋರು ಬಂದು ಕೊಟ್ರು ಕಣೆ."

ಬಾಲದಲ್ಲಿ ನಿಂತಿದ್ದವರ ಜೊತೆ ಗೌರಿ ಊಟದ ಹೊತ್ತಿನವರೆಗೂ ಮಾತು ಬಿಟ್ಟಿದ್ದಳು.

ಇನ್ನೊಂದು ದಿನ 'ವೆಜಿಟೇಬಲ್'. ತರಬೇತಿಯಲ್ಲಿ ಹೇಳಿದ ಪ್ರಕಾರ ಅದರಲ್ಲಿ ಒಂದು ತುಂಡನ್ನು ಆಡುವಾಗ ನುಂಗಿಬಿಡುತ್ತಾರೆ. ನಾಲ್ವರನ್ನು ನಿಲ್ಲಿಸಿದ್ದೆ, ಒಬ್ಬಳನ್ನು ಹಿಂದಕ್ಕೆ ಸರಿ ಅಂದೆ. ಅವಳು ಸರಿದು ನಿಂತು ಮೆಲ್ಲಗೆ ಕೇಳಿದಳು, "ನನ್ನ ಯಾರೂ ಅನ್ನಂಗೇ ಇಲ್ವಾ ಮಿಸ್?" ಮಾತೇ ಆಡದ ಹುಡುಗಿ ಅವಳು, ಕಣ್ಣಲ್ಲಿ ನೀರು ತುಂಬಿತ್ತು. ವಾಪಸ್ಸು ಕರೆದು ಸಾಲಿನಲ್ಲಿ ನಿಲ್ಲಿಸಿದೆ. ನಮ್ಮ ಶಾಲೆಯಲ್ಲಿ ಆ ತರಕಾರಿಗೆ ನಾಲ್ಕು ತುಂಡು, ಬೇರೆ ಕಡೆ ಎಷ್ಟಾದರೂ ಇರಲಿ.

ಕೊನೆಕೊನೆಗೆ ಮೊಬೈಲ್ ಬಂತು. ಪದದ ಮೇಲೆ ಬೆರಳಿಟ್ಟರೆ ಅದೇ ಹೇಳುತ್ತದೆ, ಒತ್ತು ತಪ್ಪುವುದಿಲ್ಲ. ನಾನು ಅದನ್ನು ಬೇಡ ಅನ್ನಲಿಲ್ಲ, ದಿವ್ಯ, ನೀನೂ ಅನ್ನಬೇಡ. ಮೊಬೈಲು ಹೇಳಲಿ. ಆದರೆ ಮಗು ಹೇಳುವಾಗ ಬೇರೆ ಕೆಲಸ ಮಾಡದೆ ಅದರ ಮುಖ ನೋಡುತ್ತಾ ಕೂತಿರು.

ನಿವೃತ್ತಿಯ ನಂತರ ನಾವು ಗುತ್ತಲಿನಲ್ಲಿ ಮನೆ ಮಾಡಿದೆವು. ಅದಕ್ಕೂ ಮುಂಚೆ ಮಳವಳ್ಳಿಯಲ್ಲೇ ಬಾಡಿಗೆಗಿದ್ದವರು. ಯಜಮಾನರಿಗೆ ಅಲ್ಲಿಯ ವಾಲಿಬಾಲ್ ಮೈದಾನ ಬಿಡಲು ಆಗಲಿಲ್ಲ. ಸಂಜೆ ಆಡುವ ಹೆಣ್ಣುಮಕ್ಕಳ ತಂಡಕ್ಕೆ ಹೇಳಿಕೊಡಲು ವಾರ ವಾರ ಬಸ್ಸು ಹತ್ತುತ್ತಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈ ಜಾರಿತು. ಆಸ್ಪತ್ರೆಯಿಂದ ಬಂದಾಗ ನಡೆಯುತ್ತಿದ್ದರು, ನಾವು ಆಡಿದ್ದೆಲ್ಲ ಅರ್ಥ ಆಗುತ್ತಿತ್ತು, ಮಾತು ಮಾತ್ರ ಇರಲಿಲ್ಲ.

ಪೂರ್ತಿ ಇರಲಿಲ್ಲ ಅನ್ನುವಂತಿಲ್ಲ. ಡ್ರಿಲ್ಲಿನ ಹಿಂದಿ ಆಜ್ಞೆಗಳು ಉಳಿದಿದ್ದವು. ಬೇರೆ ಯಾವುದಕ್ಕೆ ಬಾಯಿ ತೆರೆದರೂ ಅವೇ ಬರುತ್ತಿದ್ದವು, ಅದೂ ಮೈದಾನದ ಗಂಟಲಿನಲ್ಲಿ. ಕಾಫಿ ಬೇಕಾದರೆ 'ಸಾವಧಾನ್'. ಮಲಗಬೇಕಾದರೆ 'ವಿಶ್ರಾಮ್', ಅದೊಂದು ಮಾತ್ರ ಅರ್ಥಕ್ಕೆ ಹೊಂದುತ್ತಿತ್ತು. ಪಕ್ಕದ ಮನೆಯ ಶಿವಣ್ಣನವರು ನೋಡಲು ಬಂದಾಗ, ಕೂತ್ಕೊಳ್ಳಿ ಅನ್ನಲು ಹೋಗಿ "ಪೀಛೇ ಮುಡ್" ಅಂದರು. ಶಿವಣ್ಣನವರು ಸರ್ಕಾರಿ ಶಾಲೆಯಲ್ಲಿ ಓದಿದವರು, ಗಿರಕ್ಕನೆ ತಿರುಗಿ ಬಾಗಿಲ ಕಡೆ ಮುಖ ಮಾಡಿ ನಿಂತರು. ಆಮೇಲೆ ಅವರು ನಕ್ಕು, ನಾನು ನಕ್ಕು, ಕೊನೆಗೆ ಯಜಮಾನರೂ ನಕ್ಕರು. ಕಾಯಿಲೆ ಬಂದ ಮೇಲೆ ಅವತ್ತೇ ಮೊದಲು ನಕ್ಕದ್ದು.

ಒಂದು ದಿನ ನನಗೆ ಹೇಳದೆ ಬಸ್ ಸ್ಟ್ಯಾಂಡಿಗೆ ಹೋಗಿ ಮಳವಳ್ಳಿಯ ಬಸ್ಸು ಹತ್ತಿದ್ದಾರೆ. ಕಂಡಕ್ಟರು ಎಲ್ಲಿಗೆ ಅಂತ ಕೇಳಿದ್ದಾನೆ. ಬಂದದ್ದು 'ಸಾವಧಾನ್'. ಅಕ್ಕಪಕ್ಕದವರು ನಕ್ಕರೋ ಏನೋ, ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ನಡೆದುಕೊಂಡು ವಾಪಸ್ಸು ಬಂದರು. ಇದೆಲ್ಲ ನನಗೆ ಗೊತ್ತಾದದ್ದು ಅದೇ ಬಸ್ಸಿನಲ್ಲಿದ್ದ ಶಿವಣ್ಣನವರ ಸೊಸೆಯಿಂದ. ಚೀಟಿಯಲ್ಲಿ ಊರ ಹೆಸರು ಬರೆದು ಜೇಬಿಗೆ ಇಡುತ್ತೇನೆ ಅಂದೆ. ಚೀಟಿಯನ್ನು ಹರಿದು ನನ್ನ ಕೈಗೇ ಕೊಟ್ಟರು. ಜೊತೆಗೆ ಬರುತ್ತೇನೆ ಅಂದೆ. ಗೋಡೆ ಕಡೆ ತಿರುಗಿ ಮಲಗಿದರು. ಊಟವೂ ಕಡಿಮೆಯಾಯಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಹೇಳಿದಳು, "ಪದಾನ ತುಂಡು ಮಾಡಿ ರಾಗವಾಗಿ ಹೇಳಿ ಆಂಟಿ. ಒಂದೊಂದು ತುಂಡಿಗೂ ಅವರ ಎಡಗೈಯಿಂದ ತಾಳ ಹಾಕಿಸಿ. ಕೈ ನಡೆದ್ರೆ ಬಾಯಿ ಹಿಂದೆ ಬರತ್ತೆ." ಅವಳು ವಿವರಿಸುತ್ತಿದ್ದರೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಮಾರನೆಯ ದಿನದಿಂದ ಊಟದ ಮೇಜಿನ ಮೇಲೆ ಪಾಠ. ಮ, ಳ, ವ, ಳ್ಳಿ. ಬಾಲದಿಂದಲೇ ಹಿಡಿದೆ. 'ಳ್ಳಿ' ಬಂತು. 'ವಳ್ಳಿ' ಬಂತು. 'ಳ'ಗೆ ಹೋದರೆ ಬಾಯಿ ಕಲ್ಲು. ಎಷ್ಟೋ ದಿನ ಅಲ್ಲೇ ನಿಂತೆವು. ಅವರಿಗೆ ಕೋಪ ಬಂದರೆ ನನಗೂ ಪೀಛೇ ಮುಡ್ ಆಗುತ್ತಿತ್ತು, ನಾನು ತಿರುಗಿ ಅಡುಗೆಮನೆಗೆ ಹೋಗುತ್ತಿದ್ದೆ. ಹೊರಗೆ ಹೋಗುವುದು ಇನ್ನು ಇಲ್ಲ ಅಂತ ಅವರು ತೀರ್ಮಾನ ಮಾಡಿಕೊಂಡಿದ್ದಾರೆ ಅನ್ನಿಸಿತು. ಮೈದಾನದ ಬಿಳಿ ಬೂಟುಗಳನ್ನು ಅಟ್ಟಕ್ಕೆ ಹಾಕಿಬಿಟ್ಟರು.

ಒಂದು ಬೆಳಿಗ್ಗೆ ಶಿವಣ್ಣನವರು ಗೇಟಿನ ಹೊರಗೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, "ಮಳ್ವಳ್ಳಿಗೆ ಓಯ್ತಾ ಇವ್ನಿ ಕಣ್ಲಾ." ಅದು ಕಿವಿಗೆ ಬಿದ್ದ ಕೂಡಲೇ ಯಜಮಾನರ ತುಟಿ ಅಲ್ಲಾಡಿದ್ದು ಕಂಡಿತು. ನಾನು ಅಲ್ಲೇ ನಿಂತುಬಿಟ್ಟೆ. ಈ ಮನುಷ್ಯ ಹುಟ್ಟಿದಾಗಿನಿಂದ ಆ ಊರನ್ನು ನಾಲ್ಕು ತುಂಡಾಗಿ ಯಾವತ್ತು ಹೇಳಿದ್ದರು? ನಾನು ಬೋರ್ಡಿನ ಮೇಲೆ ಬರೆಯುವ ಊರನ್ನು ಕಲಿಸುತ್ತಿದ್ದೆ. ಅವರಿಗೆ ಬೇಕಾದದ್ದು ಅವರು ಬಸ್ಸಿನಲ್ಲಿ ಕೂತು ಹೋಗುವ ಊರು.

ಅವರ ಎಡಗೈ ಹಿಡಿದು ಮೇಜಿಗೆ ತಟ್ಟಿಸಿದೆ. ಳಿ. ವಳ್-ಳಿ. ಮಳ್-ವಳ್-ಳಿ. ಅವತ್ತು ಬರಲಿಲ್ಲ. ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ, ಹಿಂದಿನಿಂದ ಮೇಜು ಮೂರು ಪೆಟ್ಟು ಸದ್ದು ಮಾಡಿತು, ಜೊತೆಗೆ ಊರು ಬಂತು. ನಾನು ತಿರುಗಲಿಲ್ಲ. ತಿರುಗಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಅಂತ ಭಯ. ಹಾಲು ಉಕ್ಕಿತು.

ಆ ವಾರ ಅಟ್ಟದಿಂದ ಬೂಟು ಇಳಿಯಿತು. ಒಬ್ಬರೇ ಹೊರಟರು. ಬಾಗಿಲಲ್ಲಿ ನನ್ನ ಕಡೆ ಬೆರಳು ತೋರಿಸಿ "ವಿಶ್ರಾಮ್" ಅಂದರು. ಬರಬೇಡ ಅಂತ ಅರ್ಥ. ಆಯ್ತು ಅಂತ ತಲೆಯಾಡಿಸಿ, ಅವರು ರಸ್ತೆಯ ತಿರುವು ದಾಟಿದ ಮೇಲೆ ಬೀಗ ಹಾಕಿಕೊಂಡು ಆಟೋ ಹಿಡಿದೆ.

ಅವರು ಬಸ್ಸು ಹತ್ತಿ ಹಿಂದಕ್ಕೆ ಹೋಗಿ ಕೂತರು. ನಾನು ತಲೆ ತುಂಬ ಸೆರಗು ಹೊದ್ದು, ಕೊನೆಗೆ ಹತ್ತಿ, ಮುಂದೆ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತೆ. ಹಿಂತಿರುಗಿ ನೋಡುವಂತಿಲ್ಲ. ಬಸ್ಸು ಹೊರಟಿತು. ಅವತ್ತು ಕಂಡಕ್ಟರು ಹಿಂದಿನಿಂದ ಟಿಕೆಟ್ ಕೊಡುತ್ತಾ ಬಂದ.

"ಎಲ್ಲಿಗೆ ಸಾರ್?"

ಬಸ್ಸು ಒಂದು ಹಂಪ್ ದಾಟಿತು.

"ಎಲ್ಲಿಗೆ ಯಜಮಾನ್ರೇ?"

ಯಾರೋ ಪಕ್ಕದವರು, "ಮದ್ದೂರ್ಗಾ? ಮಳ್ವಳ್ಳಿಗಾ?" ಅಂತ ಸಹಾಯಕ್ಕೆ ಬಂದರು. ಆಮೇಲೆ ಅವರೂ ಸುಮ್ಮನಾದರು. ಯಜಮಾನರು ಅಂಗೈ ಎತ್ತಿ ತಡೆದಿರಬೇಕು, ಮೈದಾನದಲ್ಲಿ ಹಾಗೇ ತಡೆಯುತ್ತಿದ್ದರು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಹಿಂದಿನಿಂದ ಸೀಟಿನ ಕಬ್ಬಿಣಕ್ಕೆ ಅವರ ಎಡಗೈಯ ಉಂಗುರ ತಾಗುವ ಸದ್ದು ಬಂತು, ನಿಧಾನವಾಗಿ.

"ಮಳ್. ವಳ್. ಳಿ."

"ಒಂದು ಮಳ್ವಳ್ಳಿ" ಅಂತ ಕಂಡಕ್ಟರು ಮಷೀನು ಒತ್ತಲು ಹೋದ.

ಉಂಗುರದ ಸದ್ದು ಮತ್ತೆ ಬಂತು. ನಾವು ಕಲಿಯದೇ ಇದ್ದ ಪಾಠ ಅದು.

"ಎ. ರ. ಡು."

"ಇನ್ನೊಬ್ರು ಯಾರು ಸಾರ್?"

ಕೈ ಯಾವ ಕಡೆ ತೋರಿಸಿತೋ ನನಗೆ ಕಾಣಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ನನ್ನ ಬೆನ್ನು ನೋಡುತ್ತಿರುವುದು ಮಾತ್ರ ಗೊತ್ತಾಯಿತು.

"ಓ, ಅಮ್ಮಾವ್ರಾ? ಲೇಡೀಸ್ಗೆ ದುಡ್ಡಿಲ್ಲ ಸಾರ್, ಅವ್ರದು ಫ್ರೀ. ಒಂದ್ ಸಾಕು."

"ಎರಡು" ಅಂದರು. ಈ ಸಲ ತಾಳ ಇರಲಿಲ್ಲ.

"ಆಯ್ತು ಬುಡಿ" ಅಂತ ಕಂಡಕ್ಟರು ನಕ್ಕ. "ಅಮ್ಮಾ, ಇತ್ತಗೇ ಬನ್ನಿ. ನಿಮ್ ಟಿಕೀಟು ಇಲ್ಲೈತೆ."

ನಾನು ಸೆರಗು ಇಳಿಸಿ, ಕಂಬಿ ಹಿಡಿದುಕೊಂಡು ಹಿಂದಕ್ಕೆ ಹೋದೆ. ಅವರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ಸರಿದು ಜಾಗ ಬಿಟ್ಟರು.